ಕಿತ್ತಳೆ ಪಟ್ಟಿಯ ಪೀಪಾಯಿ, ಕಲ್ಲಿದ್ದಲ ಊರಿನ ಹಾಡು

ಉಕ್ಕಿನ ಪೀಪಾಯಿ. ಹಿಡಿಸುವುದು 208 ಲೀಟರು. ಸುತ್ತಲೂ ಬಳಿದ ಕಿತ್ತಳೆ ಬಣ್ಣದ ಒಂದು ಪಟ್ಟಿ. 1960ರ ದಶಕದಲ್ಲಿ ಇಂತಹ ಸಾವಿರಾರು ಪೀಪಾಯಿಗಳು ಅಮೆರಿಕದಿಂದ ಹಡಗೇರಿ ದಕ್ಷಿಣ ವಿಯೆಟ್ನಾಮಿಗೆ ಹೋದವು. ಒಳಗಿದ್ದ ದ್ರವಕ್ಕೆ ಆ ಪಟ್ಟಿಯ ಬಣ್ಣವೇ ಹೆಸರಾಯಿತು: ಏಜೆಂಟ್ ಆರೆಂಜ್. ಕಾಡಿನ ಎಲೆಗಳನ್ನು ಉದುರಿಸುವ ವಿಷ ಅದು.

1989ರ ಜೂನ್ ತಿಂಗಳಲ್ಲಿ ಇದೇ ಹೆಸರನ್ನು ಹೊತ್ತ ಒಂದು ಆಲ್ಬಂ ಪಶ್ಚಿಮ ಜರ್ಮನಿಯಲ್ಲಿ ಬಿಡುಗಡೆಯಾಯಿತು. ಮಾಡಿದವರು 'ಸೋಡಮ್' ಎಂಬ ಮೂವರ ತಂಡ. ಗಿಟಾರ್, ಬೇಸ್ ಗಿಟಾರ್, ಡ್ರಮ್ಸ್, ಒಂದು ಒರಟು ಕಂಠ, ಇಷ್ಟೇ ಬಂಡವಾಳ. ರೇಡಿಯೋದವರು ಇಂತಹ ಸಂಗೀತವನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಆದರೂ ಅದು ಜರ್ಮನಿಯ ಮಾರಾಟದ ಪಟ್ಟಿಯಲ್ಲಿ 36ನೇ ಸ್ಥಾನದವರೆಗೆ ಏರಿತು. ಥ್ರ್ಯಾಷ್ ಮೆಟಲ್ ಎಂಬ ಪ್ರಕಾರದ ಆಲ್ಬಂ ಅದು. ಜರ್ಮನಿಯೊಂದರಲ್ಲೇ ಲಕ್ಷಕ್ಕೂ ಹೆಚ್ಚು ಪ್ರತಿಗಳು ಖರ್ಚಾದವೆಂದು ಲೆಕ್ಕ ಹೇಳುತ್ತಾರೆ.

ಇದೆಂತಹ ಸಂಗೀತ ಎಂದು ಮೂಗು ಮುರಿಯುವವರು ನಮ್ಮಲ್ಲಿ ಬಹಳ. ಮಗ ಕೋಣೆಯ ಬಾಗಿಲು ಹಾಕಿಕೊಂಡು ಇಂತಹದ್ದನ್ನು ಕೇಳುತ್ತಾನೆ ಎಂದು ಚಿಂತೆ ಹಚ್ಚಿಕೊಂಡ ತಂದೆತಾಯಿಗಳೂ ಇದ್ದಾರೆ. ಅದರ ಹಿಂದೆ ಒಂದು ಊರಿದೆ, ಒಂದು ಕಸುಬಿದೆ, ಒಂದಿಷ್ಟು ಭೌತಶಾಸ್ತ್ರ, ಒಂದಿಷ್ಟು ರಸಾಯನಶಾಸ್ತ್ರವೂ ಇದೆ. ಅವನ್ನು ತಿಳಿದುಕೊಂಡ ಮೇಲೆ ಬೇಕಾದರೆ ಬಾಗಿಲು ತಟ್ಟಬಹುದು.

ಒಕ್ಕಣೆಯ ಪೆಟ್ಟು

ಇಂಗ್ಲಿಷಿನಲ್ಲಿ 'ಥ್ರ್ಯಾಷ್' ಎಂದರೆ ಚಚ್ಚು, ಬಡಿ. ಕಣದಲ್ಲಿ ತೆನೆ ಬಡಿದು ಕಾಳು ಬಿಡಿಸುವುದಕ್ಕೆ ಅವರು ಹೇಳುವ 'ಥ್ರೆಷ್' ಕೂಡ ಅದೇ ಬೇರಿನ ಪದ. ಒಕ್ಕಣೆಯ ಸದ್ದು ಕೇಳಿ ಬೆಳೆದವರಿಗೆ ಈ ಹೋಲಿಕೆ ಹಿಡಿಸೀತು: ಒಂದೇ ಸಮನೆ, ಬಿಡುವಿಲ್ಲದೆ ಬೀಳುವ ಪೆಟ್ಟು.

ಹೆವಿ ಮೆಟಲ್ ಹುಟ್ಟಿದ್ದೇ ಕಾರ್ಖಾನೆಯ ನೆರಳಿನಲ್ಲಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಟೋನಿ ಅಯೋಮಿ ಎಂಬ ಹುಡುಗ ತಗಡಿನ ಕಾರ್ಖಾನೆಯಲ್ಲಿ ಕೆಲಸ ಮಾಡುವಾಗ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡ. ಎಡಗೈಯಿಂದ ಮೀಟುವವನಾದ್ದರಿಂದ ತಂತಿ ಒತ್ತಲು ಬೇಕಾದವು ಆ ಬೆರಳುಗಳೇ. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡು ಮತ್ತೆ ಗಿಟಾರ್ ಹಿಡಿದ. ಅವನ ತಂಡವಾದ ಬ್ಲ್ಯಾಕ್ ಸಬ್ಬತ್ 1970ರಲ್ಲಿ ತಂದ ಆಲ್ಬಂಗಳಿಂದ ಈ ವಂಶ ಬೆಳೆಯಿತು. ಮುಂದೆ ಮೋಟರ್‌ಹೆಡ್ ವೇಗ ಸೇರಿಸಿತು. ನ್ಯೂಕ್ಯಾಸಲ್‌ನ ವೆನಮ್ ದೆವ್ವ, ಸೈತಾನನ ವೇಷ ತೊಡಿಸಿತು. 1983ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮೆಟಾಲಿಕಾ, ಸ್ಲೇಯರ್ ತಂಡಗಳ ಮೊದಲ ಆಲ್ಬಂಗಳು ಬಂದವು. ಥ್ರ್ಯಾಷ್ ಎಂಬುದು ಬೇರೆಯೇ ಪಂಗಡವಾಗಿ ನಿಂತಿತು.

ಜರ್ಮನಿಯಲ್ಲಿ ಅದನ್ನು ಎತ್ತಿಕೊಂಡವರಲ್ಲಿ ಮೂರು ಹೆಸರು ಮುಖ್ಯ. ಎಸ್ಸೆನ್ ನಗರದ ಕ್ರಿಯೇಟರ್, ಪಕ್ಕದ ಗೆಲ್ಸೆನ್‌ಕಿರ್ಶೆನ್‌ನ ಸೋಡಮ್, ಸ್ವಿಟ್ಜರ್ಲೆಂಡಿನ ಗಡಿಯ ವೈಲ್ ಆಮ್ ರೈನ್‌ನ ಡಿಸ್ಟ್ರಕ್ಷನ್. ಫ್ರಾಂಕ್‌ಫರ್ಟಿನ ಟ್ಯಾಂಕರ್ಡ್ ತಂಡವನ್ನು ನಾಲ್ಕನೆಯದಾಗಿ ಎಣಿಸುವುದುಂಟು. ಅದರ ಹಾಡುಗಳಲ್ಲಿ ಬಿಯರಿನದೇ ಧ್ಯಾನ, ಆದ್ದರಿಂದ ಇಲ್ಲಿ ಅದರ ಮಾತು ಬೇಡ.

ಅಮೆರಿಕದವರಿಗೂ ಇವರಿಗೂ ಏನು ವ್ಯತ್ಯಾಸ? ಮೆಟಾಲಿಕಾದ ವಾದನದಲ್ಲಿ ಅಚ್ಚುಕಟ್ಟು ಇದೆ. ಹಾಡು ಎಲ್ಲಿ ತಿರುಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆ ಯೋಜನೆ ಇದೆ. ಜರ್ಮನರ ಆರಂಭದ ಆಲ್ಬಂಗಳಲ್ಲಿ ಅದಿಲ್ಲ. ಇಳಿಜಾರಿನಲ್ಲಿ ಬ್ರೇಕ್ ಕಿತ್ತುಹೋದ ಲಾರಿಯ ಹಾಗೆ ಬರುತ್ತವೆ. ಕ್ರಿಯೇಟರ್‌ನ 1986ರ 'ಪ್ಲೆಷರ್ ಟು ಕಿಲ್' ಇದಕ್ಕೆ ಒಳ್ಳೆಯ ಉದಾಹರಣೆ. ಅದು ಅಷ್ಟು ರಭಸದ್ದಾಗಿದ್ದರಿಂದಲೇ ಮುಂದೆ ಡೆತ್ ಮೆಟಲ್ ಎಂಬ ಇನ್ನೂ ಉಗ್ರವಾದ ಪ್ರಕಾರದವರು ಅದನ್ನು ಗುರುವಿನ ಸ್ಥಾನದಲ್ಲಿಟ್ಟರು.

ಸರ್, ಅದು ಯಾಕೆ ಗರ್ ಎನ್ನುತ್ತೆ?

ಧ್ವನಿಯ ಪಾಠ ಮಾಡುವಾಗ ಹತ್ತನೆಯ ತರಗತಿಯ ಹುಡುಗನೊಬ್ಬ ಹೀಗೆ ಕೇಳಿದ್ದ. ಪಠ್ಯದಲ್ಲಿಲ್ಲದಿದ್ದರೂ ಒಳ್ಳೆಯ ಪ್ರಶ್ನೆ.

ಗಿಟಾರಿನ ತಂತಿ ಕಂಪಿಸಿದಾಗ ಹುಟ್ಟುವ ವಿದ್ಯುತ್ ಸಂಕೇತವನ್ನು ಆಂಪ್ಲಿಫೈಯರ್ ಹಿಗ್ಗಿಸುತ್ತದೆ. ಹಿಗ್ಗಿಸುವುದಕ್ಕೂ ಮಿತಿ ಉಂಟು. ಮಿತಿ ಮೀರಿದ ಸಂಕೇತ ಕೊಟ್ಟರೆ ದುಂಡಗಿನ ಅಲೆಯ ನೆತ್ತಿಯೂ ತಳವೂ ಕತ್ತರಿಸಿದಂತೆ ಚಪ್ಪಟೆಯಾಗುತ್ತವೆ. ಹೀಗೆ ಚಪ್ಪಟೆಯಾದ ಅಲೆಯಲ್ಲಿ ಮೂಲ ಸ್ವರದ ಜೊತೆಗೆ ಅದರ 3 ಪಟ್ಟು, 5 ಪಟ್ಟು, 7 ಪಟ್ಟು ಆವೃತ್ತಿಯ ಸ್ವರಗಳೂ ಹುಟ್ಟಿಕೊಳ್ಳುತ್ತವೆ. ಕಿವಿಗೆ ಅದು ಗರಗಸದಂತೆ ಕೇಳಿಸುತ್ತದೆ. ರೇಡಿಯೋ ರಿಪೇರಿಯವನಿಗೆ ಇದು ದೋಷ, ಮೆಟಲ್ ವಾದಕನಿಗೆ ಇದೇ ಬಣ್ಣ.

ಇಲ್ಲೊಂದು ತೊಡಕಿದೆ. ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ನುಡಿಸಿ ಹೀಗೆ ಕತ್ತರಿಸಿದರೆ ಅವು ಒಂದರೊಳಗೊಂದು ಬೆರೆತು ಬರೀ ರಾಡಿಯಾಗುತ್ತದೆ. ಅದಕ್ಕಾಗಿ ಈ ಸಂಗೀತಗಾರರು ಎರಡೇ ಸ್ವರ ಇಟ್ಟುಕೊಂಡರು: ಷಡ್ಜ ಮತ್ತು ಪಂಚಮ. ಹೌದು, ನಮ್ಮ ತಂಬೂರಿಯ ಸ-ಪ! ಇವೆರಡರ ಆವೃತ್ತಿಗಳ ಅನುಪಾತ 2:3. ಕತ್ತರಿಸಿದ ಅಲೆಯಲ್ಲಿ ಇವು ಬೆರೆತಾಗ ಎರಡರ ವ್ಯತ್ಯಾಸಕ್ಕೆ ಸಮನಾದ ಇನ್ನೊಂದು ಸ್ವರ ಹುಟ್ಟುತ್ತದೆ. 3ರಲ್ಲಿ 2 ಕಳೆದರೆ 1. ಎಂದರೆ ನುಡಿಸಿದ ಷಡ್ಜಕ್ಕಿಂತ ಒಂದು ಸ್ಥಾಯಿ ಕೆಳಗಿನ ಷಡ್ಜ. ಸಾಮಾನ್ಯ ಶ್ರುತಿಯಲ್ಲಿ ಗಿಟಾರಿನ ಅತ್ಯಂತ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಅದರ ಪಂಚಮ 123. ವ್ಯತ್ಯಾಸ 41. ಬೇಸ್ ಗಿಟಾರಿನ ದಪ್ಪ ತಂತಿಯ ಆವೃತ್ತಿಯೂ 41! ಯಾರೂ ಮುಟ್ಟದ ಒಂದು ತಂತಿ ತಾನಾಗಿ ಮೊರೆಯುತ್ತದೆ. ಮೂವರೇ ಇದ್ದರೂ ಮೂವತ್ತು ಮಂದಿ ನುಗ್ಗಿಬಂದಂತೆ ಕೇಳಿಸುವುದಕ್ಕೆ ಇದೂ ಒಂದು ಕಾರಣ.

ಇನ್ನು ವೇಗ. ನಿಮಿಷಕ್ಕೆ 180 ಎಣಿಕೆಯ ತಾಳದಲ್ಲಿ ಒಂದೊಂದು ಎಣಿಕೆಗೆ ನಾಲ್ಕು ಸಲ ಮೀಟಿದರೆ ಸೆಕೆಂಡಿಗೆ 12 ಮೀಟು. ಬಲ ಅಂಗೈಯ ಅಂಚನ್ನು ತಂತಿಯ ಬುಡಕ್ಕೆ ಒತ್ತಿಟ್ಟು ಮೀಟುವುದರಿಂದ ನಾದ ಹರಡದೆ ತುಂಡು ತುಂಡಾಗಿ ಬೀಳುತ್ತದೆ. ಡ್ರಮ್ಸ್‌ನವನು ಎರಡು ಕಾಲಿಗೆ ಎರಡು ಪೆಡಲ್ ಇಟ್ಟುಕೊಂಡು ದೊಡ್ಡ ಡ್ರಮ್ಮನ್ನು ಓಡಿಸುತ್ತಾನೆ. ಇದು ಬರೀ ತೋಳ್ಬಲದ ಮಾತಲ್ಲ. ಅಭ್ಯಾಸವಿಲ್ಲದವನು ಎರಡು ನಿಮಿಷ ಹೀಗೆ ಮೀಟಿ ನೋಡಲಿ, ಮೊಣಕೈ ಹಿಡಿದುಕೊಳ್ಳುತ್ತಾನೆ.

ಸಾವಿರ ಬೆಂಕಿಗಳ ಊರು

ಗೆಲ್ಸೆನ್‌ಕಿರ್ಶೆನ್ ಇರುವುದು ರೂರ್ ಪ್ರದೇಶದಲ್ಲಿ. ಕಲ್ಲಿದ್ದಲು, ಉಕ್ಕು, ಹೊಗೆ. ಕೋಕ್ ಒಲೆಗಳ ಜ್ವಾಲೆ ರಾತ್ರಿಯೆಲ್ಲ ಕಾಣುತ್ತಿದ್ದುದರಿಂದ 'ಸಾವಿರ ಬೆಂಕಿಗಳ ನಗರ' ಎಂದೇ ಅದನ್ನು ಕರೆಯುತ್ತಿದ್ದರು. ಅಲ್ಲಿನ ಹೆಸರಾಂತ ಫುಟ್‌ಬಾಲ್ ತಂಡ ಷಾಲ್ಕೆಯ ಅಡ್ಡಹೆಸರೇ 'ಗಣಿ ಹುಡುಗರು' ಎಂಬರ್ಥದ್ದು. ಎರಡನೆಯ ಮಹಾಯುದ್ಧದಲ್ಲಿ ಕಲ್ಲಿದ್ದಲಿನಿಂದ ವಿಮಾನದ ಪೆಟ್ರೋಲು ತಯಾರಿಸುವ ಕಾರ್ಖಾನೆ ಆ ಊರಿನಲ್ಲಿತ್ತು. ಅಂದಮೇಲೆ ಮಿತ್ರರಾಷ್ಟ್ರಗಳ ಬಾಂಬುಗಳು ಹುಡುಕಿಕೊಂಡು ಬರದೆ ಇರುತ್ತವೆಯೇ? ಊರು ನೆಲಸಮವಾಗಿ ಮತ್ತೆ ಎದ್ದಿತು. ಏಳುವಷ್ಟರಲ್ಲಿ ಇನ್ನೊಂದು ಪೆಟ್ಟು ಕಾದಿತ್ತು. 1958ರಿಂದ ಕಲ್ಲಿದ್ದಲಿಗೆ ಗಿರಾಕಿ ಕಡಿಮೆಯಾಗಿ ಗಣಿಗಳು ಒಂದೊಂದಾಗಿ ಮುಚ್ಚತೊಡಗಿದವು.

ಈ ಊರಿನ ಥಾಮಸ್ ಸುಶ್ ಎಂಬ ಯುವಕ ಓದು ಮುಗಿಸಿ ಎಲ್ಲರಂತೆ ಗಣಿಗೆ ಇಳಿದ. ನೆಲದಡಿಯ ದುಡಿಮೆ ಅವನಿಗೆ ಒಗ್ಗಲಿಲ್ಲ. ಅದರಿಂದ ಪಾರಾಗುವ ದಾರಿ ಸಂಗೀತವೆಂದು ನಂಬಿದ. 1980ರ ದಶಕದ ಆರಂಭದಲ್ಲಿ ಗೆಳೆಯರೊಂದಿಗೆ ತಂಡ ಕಟ್ಟಿದ. ಬೈಬಲ್ಲಿನಲ್ಲಿ ಬೆಂಕಿ ಗಂಧಕದ ಮಳೆಯಿಂದ ನಾಶವಾದ ಪಟ್ಟಣ ಸೋಡಮ್, ಅದೇ ತಂಡದ ಹೆಸರು. ತನಗೆ ತಾನು ಇಟ್ಟುಕೊಂಡ ಹೆಸರು ಟಾಮ್ ಏಂಜೆಲ್‌ರಿಪ್ಪರ್, ದೇವದೂತರನ್ನು ಸೀಳುವವನು! ಡ್ರಮ್ಸ್ ಬಾರಿಸುವ ಕ್ರಿಸ್ಟಿಯಾನ್ ಡುಡೆಕ್ 'ಕ್ರಿಸ್ ವಿಚ್‌ಹಂಟರ್' ಆದ. ಹುಡುಗಾಟದ ಹೆಸರುಗಳು, ನಾಟಕದ ಕಂಪನಿಯ ಬಣ್ಣದ ಹಾಗೆ.

ಮೊದಮೊದಲ ಹಾಡುಗಳೂ ಹಾಗೆಯೇ ಇದ್ದವು. ಸೈತಾನ, ಗೋರಿ, ಶಾಪ. ವಾದನ ಎಷ್ಟು ಒರಟಾಗಿತ್ತೆಂದರೆ ಪತ್ರಿಕೆಗಳು ಗೇಲಿ ಮಾಡಿದವು. ವಿಚಿತ್ರವೆಂದರೆ ಆ ಒರಟುತನವೇ ಮುಂದೆ ನಾರ್ವೆಯ ಬ್ಲ್ಯಾಕ್ ಮೆಟಲ್ ಹುಡುಗರಿಗೆ ಆದರ್ಶವಾಯಿತು. 'ಇನ್ ದ ಸೈನ್ ಆಫ್ ಈವಿಲ್' ಎಂಬ ಅವರ ಚಿಕ್ಕ ಮುದ್ರಿಕೆಯನ್ನು ಇಂದಿಗೂ ಆ ಪಂಗಡದವರು ಹುಡುಕಿ ಕೊಳ್ಳುತ್ತಾರೆ. ನನ್ನ ಮಟ್ಟಿಗೆ ಅದು ಚರಿತ್ರೆಯ ದಾಖಲೆಯೇ ಹೊರತು ಎರಡನೆಯ ಸಲ ಕೇಳುವಂತಹದ್ದಲ್ಲ.

ತಿರುವು ಬಂದದ್ದು 1987ರಲ್ಲಿ. ಫ್ರಾಂಕ್ ಬ್ಲ್ಯಾಕ್‌ಫೈರ್ ಎಂಬ, ನಿಜವಾಗಿ ನುಡಿಸಲು ಬಲ್ಲ ಗಿಟಾರ್ ವಾದಕ ಬಂದ. ಪಶ್ಚಿಮ ಬರ್ಲಿನ್ನಿನಲ್ಲಿ 'ಮ್ಯೂಸಿಕ್ ಲ್ಯಾಬ್' ಎಂಬ ಸ್ಟುಡಿಯೋ ಇಟ್ಟಿದ್ದ ಹ್ಯಾರಿಸ್ ಜಾನ್ಸ್ ಧ್ವನಿಮುದ್ರಣ ವಹಿಸಿಕೊಂಡ. ಕ್ರಿಯೇಟರ್‌ನ 'ಪ್ಲೆಷರ್ ಟು ಕಿಲ್' ಕೂಡ ಇವನ ಕೈಯಲ್ಲೇ ತಯಾರಾದದ್ದು. ಆ ವರ್ಷದ 'ಪರ್ಸಿಕ್ಯೂಷನ್ ಮೇನಿಯಾ' ಆಲ್ಬಮ್ಮಿನಲ್ಲಿ ಸೈತಾನ ಹಿಂದೆ ಸರಿದು ಯುದ್ಧ ಮುಂದೆ ಬಂತು. ಗ್ಯಾಸ್ ಮುಖವಾಡ ತೊಟ್ಟ ಸೈನಿಕ ತಂಡದ ಗುರುತಾದ.

ಯುದ್ಧವೇ ಏಕೆ ಎಂದರೆ ಕಾಲವೇ ಹಾಗಿತ್ತು. 1983ರಿಂದ ಅಮೆರಿಕದ ಪರ್ಷಿಂಗ್-2 ಕ್ಷಿಪಣಿಗಳು ಪಶ್ಚಿಮ ಜರ್ಮನಿಯ ನೆಲಕ್ಕೆ ಬಂದಿದ್ದವು. ಅವುಗಳನ್ನು ವಿರೋಧಿಸಿ ಬಾನ್ ನಗರದಲ್ಲಿ ಲಕ್ಷಗಟ್ಟಲೆ ಜನ ಸೇರಿದ್ದರು. ಹುಡುಗರಿಗೆ ಕಡ್ಡಾಯ ಸೈನಿಕ ಸೇವೆ ಇತ್ತು. ಮೂರನೆಯ ಮಹಾಯುದ್ಧವೆಂದೇನಾದರೂ ಆದರೆ ಮೊದಲು ಸುಡುವುದು ತಮ್ಮ ಅಂಗಳ ಎಂಬುದು ಅಲ್ಲಿನ ಶಾಲಾ ಮಕ್ಕಳಿಗೂ ಗೊತ್ತಿತ್ತು. ಇಂತಹ ಕಡೆ ಪುಸ್ತಕದ ಸೈತಾನನಿಗೆ ಎಷ್ಟು ದಿನ ಬೆಲೆ?

ಪೀಪಾಯಿಯೊಳಗೇನಿತ್ತು?

ಆಲ್ಬಮ್ಮಿನ ಹೆಸರಾದ ಆ ವಿಷಕ್ಕೆ ಬರೋಣ. ಏಜೆಂಟ್ ಆರೆಂಜ್ ಎಂಬುದು ಎರಡು ಕಳೆನಾಶಕಗಳ ಸಮ ಮಿಶ್ರಣ: 2,4-ಡಿ ಮತ್ತು 2,4,5-ಟಿ. ಮೊದಲನೆಯ ಹೆಸರು ನಮ್ಮ ರೈತರಿಗೆ ಹೊಸದಲ್ಲ; ಜೋಳ, ಕಬ್ಬಿನ ನಡುವೆ ಬೆಳೆಯುವ ಅಗಲ ಎಲೆಯ ಕಳೆಗೆ ಇಂದಿಗೂ ಸಿಂಪಡಿಸುತ್ತಾರೆ. ಎರಡೂ ಗಿಡದ ಬೆಳವಣಿಗೆಯ ಹಾರ್ಮೋನು ಆಕ್ಸಿನ್‌ನ ವೇಷ ಹಾಕುತ್ತವೆ. ಗಿಡ ಮೋಸ ಹೋಗಿ ಅಡ್ಡಾದಿಡ್ಡಿ ಬೆಳೆಯುತ್ತದೆ, ಬೆಳೆದೂ ಬೆಳೆದೂ ಸಾಯುತ್ತದೆ.

ಮನುಷ್ಯರಿಗೆ ದೊಡ್ಡ ಕಂಟಕವಾದದ್ದು ಕಲಬೆರಕೆ. 2,4,5-ಟಿ ತಯಾರಿಕೆಗೆ ಬೇಕಾದ ಟ್ರೈಕ್ಲೋರೋಫಿನಾಲ್ ಮಾಡುವಾಗ ಶಾಖ ಹದ ತಪ್ಪಿದರೆ ಟಿಸಿಡಿಡಿ ಎಂಬ ಡಯಾಕ್ಸಿನ್ ಹುಟ್ಟುತ್ತದೆ. ತೀರ ಸಣ್ಣ ಪ್ರಮಾಣದಲ್ಲೂ ಅಪಾಯಕಾರಿ. ಅದು ಕೊಬ್ಬಿನಲ್ಲಿ ಕರಗಿ ಕೂರುತ್ತದೆ; ದೇಹದೊಳಗೆ ಹೊಕ್ಕದ್ದರಲ್ಲಿ ಅರ್ಧದಷ್ಟು ಹೊರಹೋಗಲು ಏಳೆಂಟು ವರ್ಷ ಅಥವಾ ಇನ್ನೂ ಹೆಚ್ಚು ಬೇಕು. ಕ್ಯಾನ್ಸರಿಗೆ ಕಾರಣವೆಂದು ಸಾಬೀತಾಗಿದೆ.

'ಆಪರೇಷನ್ ರ್‍ಯಾಂಚ್ ಹ್ಯಾಂಡ್' ಹೆಸರಿನಲ್ಲಿ 1962ರಿಂದ 1971ರವರೆಗೆ ಅಮೆರಿಕದ ಸಿ-123 ವಿಮಾನಗಳು ಸುಮಾರು 7 ಕೋಟಿ ಲೀಟರಿಗೂ ಹೆಚ್ಚು ಕಳೆನಾಶಕಗಳನ್ನು ವಿಯೆಟ್ನಾಮಿನ ಕಾಡು, ಗದ್ದೆಗಳ ಮೇಲೆ ಸುರಿದವು. ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಏಜೆಂಟ್ ಆರೆಂಜ್. ವೈರಿ ಅಡಗಲು ಮರ ಇರಬಾರದು, ಉಣ್ಣಲು ಬೆಳೆ ಇರಬಾರದು ಎಂಬುದು ಲೆಕ್ಕ. ಅಮೆರಿಕದಲ್ಲಿ ಕಾಡ್ಗಿಚ್ಚು ತಡೆಯಲು ಒಂದು ಜನಪ್ರಿಯ ಘೋಷಣೆಯಿತ್ತು. ಅದನ್ನೇ ತಿರುಚಿ ಈ ವಿಮಾನದವರು 'ಕಾಡನ್ನೇ ತಡೆಯಬಲ್ಲವರು ನಾವು' ಎಂಬರ್ಥದ ಹಾಸ್ಯ ಮಾಡಿಕೊಂಡಿದ್ದರು. ವಿಯೆಟ್ನಾಂ ರೆಡ್ ಕ್ರಾಸ್ ಸಂಸ್ಥೆ ಬಾಧಿತರ ಸಂಖ್ಯೆಯನ್ನು 30 ಲಕ್ಷವೆಂದು ಅಂದಾಜು ಮಾಡಿದೆ. ಸಿಂಪಡಿಸಿದ ಅಮೆರಿಕದ ಸೈನಿಕರೂ ಕಾಯಿಲೆ ಬಿದ್ದರು. 1984ರಲ್ಲಿ ರಾಸಾಯನಿಕ ಕಂಪನಿಗಳು ಆ ಮಾಜಿ ಸೈನಿಕರಿಗೆ 18 ಕೋಟಿ ಡಾಲರ್ ಕೊಡಲು ಒಪ್ಪಿ ಮೊಕದ್ದಮೆ ಮುಗಿಸಿಕೊಂಡವು. ದ ನಾಂಗ್ ವಿಮಾನ ನಿಲ್ದಾಣದ ವಿಷದ ಮಣ್ಣನ್ನು ಅಗೆದು, ಕಾಯಿಸಿ ಶುದ್ಧ ಮಾಡುವ ಕೆಲಸ ಮುಗಿದದ್ದು 2018ರಲ್ಲಿ, ಯುದ್ಧ ಮುಗಿದು 43 ವರ್ಷಗಳಾದ ಮೇಲೆ.

ವಿಯೆಟ್ನಾಂ ಎಲ್ಲಿ, ಗೆಲ್ಸೆನ್‌ಕಿರ್ಶೆನ್ ಎಲ್ಲಿ ಎನ್ನಬೇಡಿ. ಡಯಾಕ್ಸಿನ್ ಎಂಬ ಪದ ಜರ್ಮನರಿಗೆ ಮನೆಯ ಮಾತೇ ಆಗಿತ್ತು. 1953ರಲ್ಲಿ ಲುಡ್‌ವಿಗ್ಸ್‌ಹಾಫೆನ್‌ನ ಟ್ರೈಕ್ಲೋರೋಫಿನಾಲ್ ಘಟಕದಲ್ಲಿ ಅವಘಡವಾಗಿ ಕಾರ್ಮಿಕರ ಮೈಮೇಲೆ ಕ್ಲೋರಾಕ್ನೆ ಎಂಬ ವಾಸಿಯಾಗದ ಬೊಕ್ಕೆಗಳೆದ್ದಿದ್ದವು. 1976ರಲ್ಲಿ ಇಟಲಿಯ ಸೆವೆಸೊದಲ್ಲಿ ಡಯಾಕ್ಸಿನ್ ಮೋಡ ಊರ ಮೇಲೆ ಹರಡಿತು. ಅಲ್ಲಿನ ವಿಷದ ಕಸ ತುಂಬಿದ 41 ಪೀಪಾಯಿಗಳು 1982ರಲ್ಲಿ ಯುರೋಪಿನ ನಡುವೆ ಎಲ್ಲೋ ಕಾಣೆಯಾಗಿ, ಮರುವರ್ಷ ಫ್ರಾನ್ಸಿನ ಒಂದು ಹಳ್ಳಿಯಲ್ಲಿ ಪತ್ತೆಯಾಗುವವರೆಗೆ ಜರ್ಮನ್ ಪತ್ರಿಕೆಗಳಿಗೆ ಬೇರೆ ಸುದ್ದಿಯೇ ಇರಲಿಲ್ಲವೆನ್ನಬೇಕು. 1984ರಲ್ಲಿ ಹ್ಯಾಂಬರ್ಗಿನ ಒಂದು ಕಾರ್ಖಾನೆಯೇ ಡಯಾಕ್ಸಿನ್ ಕಾರಣಕ್ಕೆ ಮುಚ್ಚಿತು. ಐದು ವರ್ಷಗಳ ತರುವಾಯ ಹಾಡಿನ ಅಂಗಡಿಯಲ್ಲಿ 'ಏಜೆಂಟ್ ಆರೆಂಜ್' ಎಂಬ ಹೆಸರು ಕಂಡವನಿಗೆ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹಾಡುಗಳು

ಆಲ್ಬಮ್ಮಿನಲ್ಲಿ ಸ್ವಂತದ ಎಂಟು ಹಾಡುಗಳಿವೆ, ಜೊತೆಗೆ ಇಂಗ್ಲೆಂಡಿನ ಟ್ಯಾಂಕ್ ತಂಡದಿಂದ ಎರವಲು ಪಡೆದ ಒಂದು. ಎಲ್ಲ ಸೇರಿ ಸುಮಾರು 40 ನಿಮಿಷ.

ಮೊದಲನೆಯದೇ 'ಏಜೆಂಟ್ ಆರೆಂಜ್'. ಆರು ನಿಮಿಷದ ಈ ಹಾಡು ಕಾರ್ಯಾಚರಣೆಯ ಹೆಸರನ್ನೇ ಎತ್ತಿ ವಿಷಯಕ್ಕೆ ಇಳಿಯುತ್ತದೆ. ಓಡುತ್ತಾ ಓಡುತ್ತಾ ನಡುವೆ ತಾಳ ಭಾರವಾಗುತ್ತದೆ. ವೇಗಕ್ಕಿಂತ ಆ ನಿಧಾನವೇ ಹೆಚ್ಚು ಅಂಜಿಸುತ್ತದೆ ಎಂದು ನನಗೆ ಅನ್ನಿಸಿದೆ. ಎರಡನೆಯ 'ಟೈರ್ಡ್ ಅಂಡ್ ರೆಡ್' ಹಾಡಿನ ಮಧ್ಯದಲ್ಲಿ ಇದ್ದಕ್ಕಿದ್ದಂತೆ ಗದ್ದಲವೆಲ್ಲ ನಿಂತು ಗಿಟಾರ್ ಶುದ್ಧ ನಾದದಲ್ಲಿ, ಕತ್ತರಿಸದ ಅಲೆಯಲ್ಲಿ, ಮೆಲುವಾಗಿ ನುಡಿಯುತ್ತದೆ. ಗುಂಡಿನ ಸದ್ದು ನಿಂತಾಗ ಹಕ್ಕಿಯ ಕೂಗು ಕೇಳಿಸುವಂತೆ. ಮತ್ತೆ ಗದ್ದಲ. ಬ್ಲ್ಯಾಕ್‌ಫೈರ್ ಎಂತಹ ವಾದಕ ಎಂಬುದು ಇಲ್ಲಿ ತಿಳಿಯುತ್ತದೆ.

'ಮ್ಯಾಜಿಕ್ ಡ್ರ್ಯಾಗನ್' ಒಂದು ವಿಮಾನದ ಹಾಡು. ಹಳೆಯ ಡಕೋಟಾ ವಿಮಾನದ ಮಗ್ಗುಲಿಗೆ ಮೂರು ಮಿನಿಗನ್‌ಗಳನ್ನು ಬಿಗಿದು ಅಮೆರಿಕನರು 1964ರಲ್ಲಿ ವಿಯೆಟ್ನಾಮಿಗೆ ಇಳಿಸಿದ್ದರು. ಒಂದೊಂದು ಬಂದೂಕು ನಿಮಿಷಕ್ಕೆ 6,000 ಗುಂಡುಗಳವರೆಗೆ ಉಗುಳಬಲ್ಲದು. ರಾತ್ರಿ ಆಕಾಶದಿಂದ ಕೆಂಪು ನಾಲಗೆ ಇಳಿದಂತೆ ಕಾಣುತ್ತಿತ್ತಂತೆ. ಅದಕ್ಕೆ ಸೈನಿಕರು ಇಟ್ಟ ಅಡ್ಡಹೆಸರು ಮಕ್ಕಳು ಹಾಡಿಕೊಳ್ಳುತ್ತಿದ್ದ ಒಂದು ಜನಪ್ರಿಯ ಹಾಡಿನ ಡ್ರ್ಯಾಗನ್ನಿನದು! (1947ರಲ್ಲಿ ನಮ್ಮ ಸೈನಿಕರನ್ನು ಶ್ರೀನಗರಕ್ಕೆ ಹೊತ್ತೊಯ್ದದ್ದೂ ಇದೇ ಡಕೋಟಾ ಜಾತಿಯ ವಿಮಾನ. ಯಂತ್ರಕ್ಕೇನು ಗೊತ್ತು?)

'ಆವುಸ್‌ಗೆಬಾಂಬ್ಟ್' ಎಂಬ ಹಾಡಿನ ಹೆಸರು ಮಾತ್ರ ಅಪ್ಪಟ ಜರ್ಮನ್. ಬಾಂಬ್ ಬಿದ್ದು ಮನೆ ಕಳೆದುಕೊಂಡವರಿಗೆ ಯುದ್ಧಕಾಲದಲ್ಲಿ ಹೇಳುತ್ತಿದ್ದ ಪದ ಅದು. ರೂರ್ ಪ್ರದೇಶದ ಮನೆಗಳಲ್ಲಿ ಅಜ್ಜಿಯರ ಬಾಯಲ್ಲಿ ಉಳಿದಿದ್ದಿರಬಹುದಾದ ಪದ. ಆಲ್ಬಮ್ಮಿನಲ್ಲಿ ಉಳಿದ ಸಾಲುಗಳು ಇಂಗ್ಲಿಷಿನಲ್ಲಿವೆ; ಆಮೇಲೆ ಹಾಡನ್ನು ಜರ್ಮನ್ ಭಾಷೆಯಲ್ಲೂ ಹಾಡಿದರು. ಆ ಜರ್ಮನ್ ರೂಪದಲ್ಲಿ 'ದೀ ಎರ್ಟ್ಸೆ' ಎಂಬ ಪಂಕ್ ತಂಡದ ಬೇಲಾ ಬಿ. ದನಿಗೂಡಿಸಿದ್ದಾನೆ. ಇಂಗ್ಲಿಷಿಗಿಂತ ಅದೇ ಹೆಚ್ಚು ಕಚ್ಚುತ್ತದೆ. ವಿಯೆಟ್ನಾಮಿನ ವಿಷದಿಂದ ತಮ್ಮೂರಿನ ಮುರಿದ ಮನೆಗಳವರೆಗೆ ಈ ಆಲ್ಬಂ ಬಂದು ಮುಟ್ಟುವುದು ಈ ಒಂದು ಪದದಲ್ಲಿ.

'ರಿಮೆಂಬರ್ ದ ಫಾಲನ್' ಸತ್ತ ಸೈನಿಕರ ಹಾಡು. ವೇಗ ಕಡಿಮೆ, ಗಿಟಾರಿನ ರಾಗ ನೆನಪಿನಲ್ಲಿ ನಿಲ್ಲುವಂತಹದ್ದು, ನಡೆಯುವವರ ಹೆಜ್ಜೆಯ ಲಯ. ಕಛೇರಿಗಳಲ್ಲಿ ಜನ ಒಕ್ಕೊರಲಿನಿಂದ ಹಾಡುವುದು ಇದನ್ನೇ. ಉಳಿದವುಗಳಲ್ಲಿ ಒಂದೆರಡು ಸಾಧಾರಣ, ಸಂಖ್ಯೆ ತುಂಬಲು ಬಂದಂತಿವೆ. ವಿಚ್‌ಹಂಟರನ ತಾಳ ಅಲ್ಲಲ್ಲಿ ಮುಂದೋಡುತ್ತದೆ, ಗಡಿಯಾರ ಹಿಡಿದು ಕೇಳುವವರಿಗೆ ಬೇಸರವಾದೀತು. ಆದರೆ ಈ ಮುದ್ರಿಕೆಗೆ ಜೀವ ಬಂದದ್ದೇ ಆ ಆತುರದಿಂದ. ಹ್ಯಾರಿಸ್ ಜಾನ್ಸ್ ಅದನ್ನು ತೊಳೆದು ಇಸ್ತ್ರಿ ಮಾಡಲು ಹೋಗಲಿಲ್ಲ. ಪ್ರತಿ ವಾದ್ಯವೂ ಸ್ಪಷ್ಟವಾಗಿ ಕೇಳುವಂತೆ ಮಾಡಿ, ಒರಟನ್ನು ಒರಟಾಗಿಯೇ ಉಳಿಸಿದ. ಅದೇ ವರ್ಷ ಕ್ರಿಯೇಟರ್ ಅಮೆರಿಕಕ್ಕೆ ಹೋಗಿ ಮುದ್ರಿಸಿಕೊಂಡು ಬಂದ 'ಎಕ್ಸ್‌ಟ್ರೀಮ್ ಅಗ್ರೆಷನ್' ಹೆಚ್ಚು ಚೊಕ್ಕವಾಗಿದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ನನ್ನ ಮತ ಸೋಡಮ್‌ಗೆ.

ಮರುಕವೋ ಮೋಹವೋ?

ಒಂದು ಆಕ್ಷೇಪವನ್ನು ಇಲ್ಲಿ ಎತ್ತಲೇಬೇಕು. ಇಷ್ಟು ರೋಮಾಂಚನ ಹುಟ್ಟಿಸುವ ಸಂಗೀತದಲ್ಲಿ ಲಕ್ಷಾಂತರ ಜನರ ನರಳಾಟವನ್ನು ಹಾಡುವುದು ಸರಿಯೆ? ಕೇಳುವ ಹುಡುಗ ವಿಯೆಟ್ನಾಮಿನ ತಾಯಂದಿರನ್ನು ನೆನೆಯುತ್ತಾನೋ, ಮಿನಿಗನ್ನಿನ ಗುಂಡೆಣಿಸಿ ಖುಷಿಪಡುತ್ತಾನೋ?

ತಂಡದವರು ತಮ್ಮ ನಿಲುವನ್ನು ಬರೆದೇ ತಿಳಿಸಿದ್ದಾರೆ. ಜಗತ್ತಿನಾದ್ಯಂತ ಅರ್ಥವಿಲ್ಲದ ಯುದ್ಧಗಳಲ್ಲಿ ಸತ್ತ ಸೈನಿಕರು, ನಾಗರಿಕರು ಎಲ್ಲರಿಗೂ ಈ ಆಲ್ಬಂ ಅರ್ಪಿತ ಎಂದು ಅದರ ಮೇಲೆ ಮುದ್ರಿಸಿದ್ದಾರೆ. ಹಾಗೆಂದು ಆಯುಧದ ಮೋಹ ಇಲ್ಲವೇ ಇಲ್ಲ ಎನ್ನಲಾರೆ. ಇದೆ. ಮುಂದೆ 2001ರಲ್ಲಿ ಅವರು ಪೂರ್ತಿ ವಿಯೆಟ್ನಾಂ ಯುದ್ಧದ ಮೇಲೆಯೇ ತಂದ ಆಲ್ಬಮ್ಮಿಗೆ ಒಂದು ಬಂದೂಕಿನ ಹೆಸರನ್ನೇ, 'ಎಂ-16' ಎಂದು ಇಟ್ಟರು. ಆಯುಧಗಳ ಹೆಸರು, ಸಂಖ್ಯೆಗಳನ್ನು ಉರು ಹೊಡೆಯುವ ಹುಡುಗಬುದ್ಧಿ ಇವರನ್ನು ಪೂರ್ತಿ ಬಿಟ್ಟಿಲ್ಲ.

ಆದರೆ ಯಂತ್ರದ ಬಾಯಿಗೆ ಸಿಕ್ಕ ಮನುಷ್ಯನ ಕಥೆಯನ್ನು ಕೊಳಲಿನಲ್ಲೇ ಹೇಳಬೇಕೆಂದು ಯಾರು ವಿಧಿಸಿದರು? ನೆಲದಡಿಯ ಕತ್ತಲೆಯಲ್ಲಿ ಕಲ್ಲಿದ್ದಲು ಕೊರೆಯುವ ಯಂತ್ರದ ಪಕ್ಕ ದುಡಿದವನಿಗೆ ಗೊತ್ತಿದ್ದ ಸದ್ದು ಇದು. ಸೈತಾನನ ಹಾಡುಗಳಲ್ಲಿ ಈ ಸದ್ದಿಗೆ ವಸ್ತುವಿರಲಿಲ್ಲ. ಹೆದರಿಸುವ ಆಟವಾಗಿತ್ತು ಅಷ್ಟೆ. ಪೀಪಾಯಿ, ಪಟ್ಟಿ, ವಿಮಾನ, ಮುರಿದ ಮನೆ ಸಿಕ್ಕಿದಾಗ ಸದ್ದಿಗೆ ತಕ್ಕ ಮಾತು ಬಂತು. ಥ್ರ್ಯಾಷ್ ಪ್ರಕಾರದಲ್ಲಿ ಈ ಆಲ್ಬಮ್ಮಿನ ಸ್ಥಾನ ಅದರಿಂದ ಬಂದದ್ದೆಂದು ನಾನು ತಿಳಿದಿದ್ದೇನೆ, 36ನೇ ನಂಬರಿನಿಂದಲ್ಲ.

ಆಮೇಲೆ

ಆಲ್ಬಂ ಹೊರಬಂದ ಐದೇ ತಿಂಗಳಲ್ಲಿ, 1989ರ ನವೆಂಬರಿನಲ್ಲಿ ಬರ್ಲಿನ್ ಗೋಡೆ ಬಿತ್ತು. ಅಲ್ಲಿಯವರೆಗೆ ಪೂರ್ವ ಜರ್ಮನಿಯ ಹುಡುಗರು ಇಂತಹ ಸಂಗೀತವನ್ನು ಕದ್ದುಮುಚ್ಚಿ, ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸಿಕೊಂಡು ಕೇಳುತ್ತಿದ್ದರು. 1990ರ ಮಾರ್ಚಿನಲ್ಲಿ ಕ್ರಿಯೇಟರ್, ಟ್ಯಾಂಕರ್ಡ್ ಮತ್ತಿತರ ತಂಡಗಳು ಪೂರ್ವ ಬರ್ಲಿನ್ನಿನ ಸಭಾಂಗಣದಲ್ಲೇ ಬಾರಿಸಿದವು.

ಬ್ಲ್ಯಾಕ್‌ಫೈರ್ ಅಷ್ಟರಲ್ಲಿ ಸೋಡಮ್ ಬಿಟ್ಟು ನೆರೆಯೂರಿನ ಕ್ರಿಯೇಟರ್ ಸೇರಿಕೊಂಡಿದ್ದ. ಸೋಡಮ್ ಮುಂದುವರಿಯಿತು, ಆಳುಗಳು ಬದಲಾದರು, ಏಂಜೆಲ್‌ರಿಪ್ಪರ್ ಒಬ್ಬ ಉಳಿದ. ವಿಚ್‌ಹಂಟರ್ 1990ರ ದಶಕದ ಆರಂಭದಲ್ಲಿ ತಂಡದಿಂದ ಹೊರಬಿದ್ದು, 2008ರಲ್ಲಿ ತೀರಿಕೊಂಡ. ವಯಸ್ಸು ಇನ್ನೂ 42. ಬ್ಲ್ಯಾಕ್‌ಫೈರ್ 2018ರಲ್ಲಿ ಮರಳಿ ಸೋಡಮ್‌ಗೆ ಬಂದ. ಅದೇ 2018ರ ಡಿಸೆಂಬರಿನಲ್ಲಿ ಗೆಲ್ಸೆನ್‌ಕಿರ್ಶೆನ್‌ಗೆ ಹತ್ತಿರದ ಬಾಟ್ರೋಪ್‌ನಲ್ಲಿ ರೂರ್ ಪ್ರದೇಶದ ಕಟ್ಟಕಡೆಯ ಕಲ್ಲಿದ್ದಲ ಗಣಿ ಮುಚ್ಚಿತು. ಕೊನೆಯ ಕಲ್ಲಿದ್ದಲ ತುಂಡನ್ನು ಗಣಿ ಕೆಲಸಗಾರರು ಜರ್ಮನಿಯ ಅಧ್ಯಕ್ಷರ ಕೈಗಿತ್ತರು.

ಜರ್ಮನಿಗೂ ನಮಗೂ ಈ ವಿಷಯದಲ್ಲಿ ನಂಟಿದೆ. 2012ರಲ್ಲಿ 'ಬ್ಯಾಂಗಲೋರ್ ಓಪನ್ ಏರ್' ಎಂಬ ಮೆಟಲ್ ಉತ್ಸವ ಮೊದಲ ಬಾರಿ ನಡೆದಾಗ ಮುಖ್ಯ ತಂಡವಾಗಿ ಬಂದದ್ದು ಎಸ್ಸೆನ್‌ನ ಕ್ರಿಯೇಟರ್. ಮರುವರ್ಷ ಬೆಂಗಳೂರಿನ ಹುಡುಗರ ಕ್ರಿಪ್ಟೋಸ್ ತಂಡ ಜರ್ಮನಿಯ ವಾಕೆನ್ ಹಳ್ಳಿಯ ದೊಡ್ಡ ಮೆಟಲ್ ಜಾತ್ರೆಯಲ್ಲಿ ನುಡಿಸಿ ಬಂತು. ವಾಕೆನ್ ಎಂದರೆ ಎರಡು ಸಾವಿರ ಚಿಲ್ಲರೆ ಜನಸಂಖ್ಯೆಯ ಹಳ್ಳಿ. ಆಗಸ್ಟ್ ಹೊತ್ತಿಗೆ ಅಲ್ಲಿಗೆ ಎಂಬತ್ತು ಸಾವಿರದಷ್ಟು ಜನ ಬಂದು ಡೇರೆ ಹಾಕುತ್ತಾರೆ.

ಕೇಳಿ ನೋಡಬೇಕೆನ್ನುವವರು ಮೊದಲ ಹಾಡಿನಿಂದ ಆರಂಭಿಸಬೇಡಿ. ಹೆದರಿ ನಿಲ್ಲಿಸಿಬಿಡುತ್ತೀರಿ. ಮೊದಲು 'ರಿಮೆಂಬರ್ ದ ಫಾಲನ್', ಆಮೇಲೆ 'ಟೈರ್ಡ್ ಅಂಡ್ ರೆಡ್'ನ ನಡುವಿನ ಭಾಗ, ಆಮೇಲೆ 'ಆವುಸ್‌ಗೆಬಾಂಬ್ಟ್'ನ ಜರ್ಮನ್ ರೂಪ. ಕಿವಿ ಒಗ್ಗಿದ ಮೇಲೆ ಮೊದಲಿನಿಂದ ಕೇಳಿ. ಮನೆಯ ಹುಡುಗರಿಗೂ ಒಂದು ಮಾತು: 85 ಡೆಸಿಬೆಲ್ ಸದ್ದನ್ನು ಕಿವಿ ದಿನಕ್ಕೆ ಎಂಟು ಗಂಟೆ ತಾಳೀತು, ಪ್ರತಿ 3 ಡೆಸಿಬೆಲ್ ಏರಿದಂತೆ ಆ ಹೊತ್ತು ಅರ್ಧವಾಗುತ್ತದೆ. 100 ಡೆಸಿಬೆಲ್ಲಿಗೆ ಬರುವಾಗ ಉಳಿಯುವುದು ಬರೀ ಕಾಲು ಗಂಟೆ. ಆಲ್ಬಂ 40 ನಿಮಿಷದ್ದು, ಲೆಕ್ಕ ನೀವೇ ಹಾಕಿಕೊಳ್ಳಿ.